ಕುರ್ಚಿಯ ಎತ್ತರ

ಕಾರ್ಖಾನೆಯ ಮೂರನೇ ಗೇಟಿನೆದುರು ನನ್ನ ಕಾಫಿ ಅಂಗಡಿ.
ಮೋದೆನಾ ದಾಟಿ ಹನ್ನೊಂದು ಕಿಲೋಮೀಟರು.
ನವೆಂಬರಿನಲ್ಲಿ ಮಂಜು ಎಷ್ಟು ದಟ್ಟ ಅಂದರೆ
ಕಾರು ಮೊದಲು ಕಿವಿಗೆ ಬರುತ್ತದೆ,
ಕಣ್ಣಿಗೆ ಆಮೇಲೆ.

ಮೊನ್ನೆ ಮಂಗಳವಾರ ಬಂದದ್ದು
ಕಿವಿಗೇ ಸರಿಯಾಗಿ ಸಿಗಲಿಲ್ಲ.
ಕಪ್ಪುಬಿಳಿ ಸುರುಳಿಯ ಹಾಳೆ ಹೊದ್ದು,
ಬೆನ್ನಿಗೊಂದು ಸುಳ್ಳು ಡುಬ್ಬ ಕಟ್ಟಿಕೊಂಡು
ಗೇಟು ದಾಟಿ ಬೆಟ್ಟದ ಕಡೆ ತಿರುಗಿತು.
ನನ್ನ ಕಿಟಕಿಯ ಹೂಕುಂಡದ ಸಮಕ್ಕೆ
ಅದರ ಗಾಜು!

ಅರವತ್ತು ವರ್ಷ, ಇಲ್ಲಿಂದ ಹೊರಟ ಯಾವ ಕಾರೂ
ಮನುಷ್ಯನ ಎದೆ ದಾಟಿ ಮೇಲೆದ್ದದ್ದಿಲ್ಲ.
ಮೂತಿಯ ಮೇಲಿರುವುದೂ ಕವಲುಬಾಲದ ಹಕ್ಕಿ,
ಮಳೆಗೆ ಮುಂಚೆ ನೆಲ ಸವರಿ ಹಾರುವಂಥದು.

ಅವತ್ತಿನಿಂದ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ.
ಕ್ಷೌರದ ಎರ್ಮೆಸ್:
‘ಹನ್ನೆರಡು ಸಿಲಿಂಡರು. ಕೆಮ್ಮಿದ ರೀತಿಯಲ್ಲೇ ಗೊತ್ತಾಯಿತು.’
ಹಂದಿ ಸಾಕುವ ವಾನ್ನಿ:
‘ಬ್ಯಾಟರಿ ಕಣಯ್ಯಾ, ನನ್ನ ಹಂದಿಗಳು ತಲೆ ಕೂಡ ಎತ್ತಲಿಲ್ಲ.’
ಗಣಿತದ ಮೇಸ್ಟ್ರು ತಾರ್ಚೀಸಿಯೊ
ಫೋಟೋ ದೊಡ್ಡದು ಮಾಡಿಸಿ, ಗೇಟುಕಂಬದ ನೆರಳನ್ನು ಅಳೆದು
ಒಂದು ಮೀಟರು ಐವತ್ತೊಂಬತ್ತು ಎಂದು ಬರೆದಿಟ್ಟ.
ಮಂಜಿನಲ್ಲಿ ನೆರಳೆಲ್ಲಿತ್ತು
ಅಂತ ಯಾರೂ ಕೇಳಲಿಲ್ಲ.
ಪಂದ್ಯಕ್ಕೆ ತಲೆಗೊಂದು ಪೀಪಾಯಿ ವೈನು.
ಬಾಗಿಲು ಎರಡೋ ನಾಲ್ಕೋ?
ಡಿಕ್ಕಿಯಲ್ಲಿ ನಾಯಿ ಕೂರುತ್ತದೋ?
‘ನಾಯಿ!’ ಎಂದು ಎರ್ಮೆಸ್ ಎದೆ ಹಿಡಿದುಕೊಂಡ,
ಯಾರೋ ಹೋದರಂತೆ ಎಂದು ಕೇಳಿದವನ ಹಾಗೆ.

ಸೀಟು ಹೊಲಿಯುವ ನೀವೆಸ್ ಏಳೂಮುಕ್ಕಾಲಿಗೆ ಬರುತ್ತಾಳೆ.
ಅವಳಿಗೆ ಎಲ್ಲ ಗೊತ್ತು.
ಬಾಯಿ ಬಿಡುವುದಿಲ್ಲವೆಂದು ಹದಿನಾಲ್ಕು ಪುಟಕ್ಕೆ ರುಜು ಹಾಕಿದ್ದಾಳೆ.
ಇವರು ಅವಳ ಉಗುರಂಚು ನೋಡುತ್ತಾರೆ, ತೋಳು ನೋಡುತ್ತಾರೆ.
ಒಂದು ದಿನ ಸಾಸಿವೆ ಬಣ್ಣದ ಎಳೆಯೊಂದು ಸಿಕ್ಕಿ
ಮೂರು ದಿನ ಅದರದೇ ವ್ಯಾಖ್ಯಾನ.
ಅದು ಅವಳ ಮಗಳ ಸ್ವೆಟರಿನದು.
‘ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋಳು ನಾನು,
ಹೆರಿಗೆ ನೋವು ನಿಮಗೆ’ ಅಂದಳು.

ಲೆಯಾರ್ಕೊ ಮಾತ್ರ ಮಾತಾಡಿರಲಿಲ್ಲ.
ಮೂವತ್ತೆಂಟು ವರ್ಷ ಮರಳುಚೀಲದ ಮೇಲೆ
ಅಲ್ಯೂಮಿನಿಯಂ ಬಡಿದು ಬಡಿದು ಬಗ್ಗಿಸಿದವನು.
ಬಲಗಿವಿಯನ್ನು ಆ ಶೆಡ್ಡಿನಲ್ಲೇ ಬಿಟ್ಟು ಬಂದ.
ಅವನ ಸುತ್ತಿಗೆಯ ಮಡ್‌ಗಾರ್ಡುಗಳು ಈಗ
ಯಾವ ದೇಶದ ಯಾರ ಗ್ಯಾರೇಜಿನಲ್ಲೋ,
ಮೆತ್ತನೆ ಬಟ್ಟೆಯಡಿ, ಬೆಚ್ಚಗೆ.
ಇವನಾದರೂ ಒಂದು ಶಾಪ ಹಾಕಲಿ
ಎಂದು ಎಲ್ಲರೂ ಕಾಯುತ್ತಿದ್ದರು.

ನಿವೃತ್ತಿಯ ದಿನ ಅವನನ್ನು
ಒಂದು ಸುತ್ತು ಬಾ ಅಂತ ಕರೆದಿದ್ದರಂತೆ.
ಬಾಗಿಲು ತೆರೆದೇ ಇತ್ತು.
ಸೊಂಟ ಬಗ್ಗಲಿಲ್ಲ.
ಇಬ್ಬರು ಹುಡುಗರು ಹಿಡಿದುಕೊಂಡರು, ಆದರೂ ಬಗ್ಗಲಿಲ್ಲ.
ಪರವಾಗಿಲ್ಲ ಬಿಡಿ, ಅಂದು ಸೈಕಲ್ಲು ತಳ್ಳಿಕೊಂಡು ಬಂದ.
ಈಗ ಒಳಗೆ ಉಕ್ಕಿನ ಕೀಲು.
ಮಂಜು ಇಳಿದರೆ ಅದಕ್ಕೆ ಮೊದಲು ಗೊತ್ತಾಗುತ್ತದೆ.

ಶುಕ್ರವಾರ, ಸಕ್ಕರೆ ಕಲಕುತ್ತ ಅವನು ಕೇಳಿದ:
‘ನೀವೆಸ್, ಸೀಟು ಎಷ್ಟೆತ್ತರ?’

ಇಡೀ ಅಂಗಡಿ ಚಮಚ ಕೆಳಗಿಟ್ಟಿತು.
ಅವಳು ಕಾಫಿ ಮುಗಿಸಿದಳು. ಚಿಲ್ಲರೆ ಎಣಿಸಿದಳು.
ಹೋಗುತ್ತ ಬಾಗಿಲ ಬಳಿಯ ಕುರ್ಚಿ ಎಳೆದು
ಬಗ್ಗದೆ ಕೂತಳು,
ಕೈ ಊರದೆ ಎದ್ದಳು,
ಸ್ಕಾರ್ಫು ಸುತ್ತಿಕೊಂಡು ಮಂಜಿನೊಳಕ್ಕೆ ನಡೆದಳು.

‘ಏನೂ ಹೇಳಲೇ ಇಲ್ಲವಲ್ಲ’ ಅಂದ ಎರ್ಮೆಸ್.
ಮತ್ತೆ ಸಿಲಿಂಡರಿನ ಜಗಳ.

ಲೆಯಾರ್ಕೊ ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂತ.
ಎದ್ದ.
ಮತ್ತೆ ಕೂತ.
ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲಿ
ದುಂಡಗಿನದೇನನ್ನೋ ಹಿಡಿದು
ಸ್ವಲ್ಪ ಎಡಕ್ಕೆ ತಿರುಗಿಸಿದ.
ನಾನು ಲೋಟ ಒರೆಸುತ್ತ ಬೇರೆ ಕಡೆ ನೋಡಿದೆ.

ರಾತ್ರಿ ಬಾಗಿಲು ಹಾಕಿದ ಮೇಲೆ
ಟೇಪು ತಂದು ಆ ಕುರ್ಚಿ ಅಳೆದೆ.
ಎಷ್ಟು ಅಂತ ಹೇಳುವುದಿಲ್ಲ.
ಪಂದ್ಯದಲ್ಲಿ ನನ್ನದೂ ಒಂದು ಪೀಪಾಯಿ ಇದೆ.